ಪಿಸಿ ಗೇಮ್ ಲಾಂಚರ್‌ಗಳಲ್ಲಿ ಇಲ್ಲದ ಸೌಲಭ್ಯಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಲಾಂಚರ್ ಎಂದರೆ ಗೇಮ್ ಕೊಳ್ಳಲು, ಇಳಿಸಲು, ತೆರೆಯಲು ಬಳಸುವ ಸ್ಟೀಮ್, ಎಪಿಕ್‌ನಂಥ ತಂತ್ರಾಂಶ. ಅದರಲ್ಲಿ ಬೇಕಾದ ಸೌಲಭ್ಯ ಕಾಣದಿದ್ದಾಗ ಮೊದಲು ಕೇಳಿಕೊಳ್ಳಬೇಕಾದದ್ದು ಅದನ್ನು ಒದಗಿಸಬೇಕಾದವರು ಯಾರು ಎಂದು. ಕೆಲವು ಲಾಂಚರ್ ನಡೆಸುವ ಅಂಗಡಿಯವರ ಕೆಲಸ. ಕೆಲವು ಗೇಮ್ ತಯಾರಿಸಿದವರ ಕೆಲಸ. ಇನ್ನು ಕೆಲವು ಈಗಾಗಲೇ ಇವೆ, ಆದರೆ ಯಾರ ಕಣ್ಣಿಗೂ ಬೀಳದ ಮೆನುವಿನಲ್ಲಿವೆ. ಇದು ಗೊತ್ತಾದರೆ ಎಲ್ಲಿ ಹುಡುಕಬೇಕು, ಯಾರಿಗೆ ದೂರು ಕೊಡಬೇಕು, ಯಾವಾಗ ಬೇರೆ ದಾರಿ ಹಿಡಿಯಬೇಕು ಎಂಬುದು ತಾನಾಗಿಯೇ ತಿಳಿಯುತ್ತದೆ.

ಸಣ್ಣ ಸೌಲಭ್ಯ ಸೇರಿಸಲೂ ಅಂಗಡಿಯವರಿಗೆ ವರ್ಷಗಟ್ಟಲೆ ಯಾಕೆ ಬೇಕು?

ಎಪಿಕ್ ಗೇಮ್ಸ್ ಸ್ಟೋರ್ ಶುರುವಾದದ್ದು 2018ರ ಡಿಸೆಂಬರ್‌ನಲ್ಲಿ. ಹಲವು ಗೇಮ್‌ಗಳನ್ನು ಒಟ್ಟಿಗೆ ಕೊಳ್ಳುವ ಶಾಪಿಂಗ್ ಕಾರ್ಟ್ ಅಲ್ಲಿ ಬಂದದ್ದು 2021ರ ಡಿಸೆಂಬರ್‌ನಲ್ಲಿ. ಮೂರು ವರ್ಷ. ಕಾರ್ಟ್ ಮಾಡುವುದು ಕಷ್ಟ ಎಂದಲ್ಲ. ಆ ವರ್ಷಗಳಲ್ಲಿ ಎಪಿಕ್ ಒತ್ತು ಕೊಟ್ಟದ್ದು ಉಚಿತ ಗೇಮ್‌ಗಳಿಗೆ, ತನ್ನಲ್ಲಿ ಮಾತ್ರ ಸಿಗುವ ಗೇಮ್‌ಗಳಿಗೆ ಮತ್ತು ಗೇಮ್ ತಯಾರಕರಿಂದ ತೆಗೆದುಕೊಳ್ಳುವ ಶೇ. 12ರ ಪಾಲಿಗೆ. ಸ್ಟೀಮ್‌ನಲ್ಲಿ ಆ ಪಾಲು ಶೇ. 30ರಿಂದ ಶುರುವಾಗುತ್ತದೆ. ಮಾರಾಟ ಹೆಚ್ಚಿಸುವ ಕೆಲಸ ಮೊದಲು ಆಗುತ್ತದೆ, ಕೊಂಡಾದ ಮೇಲೆ ಬೇಕಾಗುವ ಸೌಲಭ್ಯ ಸಾಲಿನ ಕೊನೆಗೆ ಹೋಗುತ್ತದೆ. ಸ್ಟೀಮ್ 2003ರಿಂದ ಇದೆ. ಅದರಲ್ಲಿ ಇಂದು ಕಾಣುವ ಬಹುಪಾಲು ಸೌಲಭ್ಯಗಳು ಹಂತಹಂತವಾಗಿ ಬಂದವು ಎಂಬುದು ನಿಜ. ಆದರೆ ಹೊಸ ಅಂಗಡಿಯನ್ನು ಇವತ್ತಿನ ಗ್ರಾಹಕ ಇವತ್ತಿನ ಅಳತೆಯಲ್ಲೇ ನೋಡುತ್ತಾನೆ, ಅದು ನ್ಯಾಯವೂ ಹೌದು.

100 ಜಿಬಿಯ ಗೇಮನ್ನು ಮತ್ತೆ ಡೌನ್‌ಲೋಡ್ ಮಾಡದೆ ಬೇರೆ ಡ್ರೈವ್‌ಗೆ ಸಾಗಿಸುವುದು ಹೇಗೆ?

ಸ್ಟೀಮ್‌ನಲ್ಲಿ ಇದು ಸುಲಭ. ಮೊದಲು ಸೆಟ್ಟಿಂಗ್ಸ್‌ನ ಸ್ಟೋರೇಜ್ ಪುಟದಲ್ಲಿ ಹೊಸ ಡ್ರೈವ್ ಸೇರಿಸಿ. ಆಮೇಲೆ ಗೇಮ್ ಆಯ್ಕೆ ಮಾಡಿ ಮೂವ್ ಒತ್ತಿ. ಪೂರ್ತಿ ಮುಗಿಯುವ ತನಕ ಪಿಸಿಯನ್ನು ಸ್ಲೀಪ್‌ಗೆ ಹೋಗಲು ಬಿಡಬೇಡಿ. ನಡುವೆ ನಿಂತರೆ ಅರ್ಧ ಫೈಲ್‌ಗಳು ಹಳೆಯ ಡ್ರೈವ್‌ನಲ್ಲಿ, ಅರ್ಧ ಹೊಸದರಲ್ಲಿ ಉಳಿಯುತ್ತವೆ. ಆಗ ಗೇಮಿನ ಮೇಲೆ ರೈಟ್ ಕ್ಲಿಕ್ ಮಾಡಿ, ಪ್ರಾಪರ್ಟೀಸ್, ಇನ್‌ಸ್ಟಾಲ್ಡ್ ಫೈಲ್ಸ್, ವೆರಿಫೈ ಇಂಟಿಗ್ರಿಟಿ ಎಂದು ಹೋಗಿ. ಇಲ್ಲದ ಫೈಲ್‌ಗಳು ಮಾತ್ರ ಇಳಿಯುತ್ತವೆ.

ಸಾಗಿಸುವ ಆಯ್ಕೆಯೇ ಇಲ್ಲದ ಅಥವಾ ಅದು ಕೈಕೊಡುವ ಲಾಂಚರ್‌ಗಳಲ್ಲಿ ಹಳೆಯ ಉಪಾಯವೊಂದಿದೆ. ಎಪಿಕ್‌ನಲ್ಲಿ ಅದು ಚೆನ್ನಾಗಿ ಕೆಲಸ ಮಾಡುತ್ತದೆ.

1. ಗೇಮ್ ಫೋಲ್ಡರನ್ನು ಹೊಸ ಡ್ರೈವ್‌ಗೆ ಕಾಪಿ ಮಾಡಿ, ಅದರ ಹೆಸರಿನ ಕೊನೆಗೆ ಒಂದು ಅಕ್ಷರ ಸೇರಿಸಿ.
2. ಲಾಂಚರ್‌ನಿಂದ ಹಳೆಯ ಗೇಮನ್ನು ಅನ್‌ಇನ್‌ಸ್ಟಾಲ್ ಮಾಡಿ. ಆಟದ ಪ್ರಗತಿ ದಾಖಲಾಗುವ ಸೇವ್ ಫೈಲ್‌ಗಳು ಗೇಮ್ ಫೋಲ್ಡರಿನೊಳಗೇ ಇದ್ದರೆ ಅವು ಕಾಪಿಯಲ್ಲಿ ಬಂದಿವೆಯೇ ಎಂದು ಇದಕ್ಕೂ ಮೊದಲೇ ನೋಡಿ.
3. ಹೊಸ ಡ್ರೈವ್ ತೋರಿಸಿ ಇನ್‌ಸ್ಟಾಲ್ ಶುರು ಮಾಡಿ. ಶೇ. 2ರಿಂದ 3ರಷ್ಟು ಇಳಿದ ಮೇಲೆ ನಿಲ್ಲಿಸಿ, ಲಾಂಚರನ್ನು ಪೂರ್ತಿ ಮುಚ್ಚಿ. ಟಾಸ್ಕ್‌ಬಾರ್‌ನ ಬಲತುದಿಯ ಐಕಾನ್‌ನಿಂದಲೂ ಹೊರಬನ್ನಿ.
4. ಕಾಪಿ ಮಾಡಿಟ್ಟ ಫೈಲ್‌ಗಳನ್ನೆಲ್ಲ ಹೊಸದಾಗಿ ಹುಟ್ಟಿದ ಫೋಲ್ಡರಿಗೆ ಹಾಕಿ, ಬದಲಿಸಲೇ ಎಂದು ಕೇಳಿದರೆ ಹೌದೆನ್ನಿ.
5. ಲಾಂಚರ್ ತೆರೆದು ರೆಸ್ಯೂಮ್ ಒತ್ತಿ. ಇರುವ ಫೈಲ್‌ಗಳನ್ನು ಅದು ಪರಿಶೀಲಿಸಿ, ಕಡಿಮೆ ಬಿದ್ದದ್ದನ್ನು ಮಾತ್ರ ಇಳಿಸುತ್ತದೆ.

ಹೆಸರು ಬದಲಿಸುವ ಮೊದಲ ಹೆಜ್ಜೆಯನ್ನು ಬಿಟ್ಟವರೇ ಹೆಚ್ಚಾಗಿ ಸಿಕ್ಕಿಬೀಳುತ್ತಾರೆ. ಫೈಲ್ ತುಂಬಿದ ಫೋಲ್ಡರ್ ತೋರಿಸಿದರೆ ಎಪಿಕ್ ಲಾಂಚರ್ ಅಲ್ಲಿ ಇನ್‌ಸ್ಟಾಲ್ ಮಾಡಲು ಒಪ್ಪುವುದಿಲ್ಲ. ಯಾವ ಗೇಮ್ ಎಲ್ಲಿದೆ ಎಂಬ ದಾಖಲೆಯನ್ನು ಅದು ಸಿ ಡ್ರೈವ್‌ನ ಪ್ರೋಗ್ರಾಂಡೇಟಾದಲ್ಲಿ, ಮ್ಯಾನಿಫೆಸ್ಟ್ಸ್ ಎಂಬ ಫೋಲ್ಡರಿನಲ್ಲಿ ಇಟ್ಟುಕೊಳ್ಳುತ್ತದೆ. ವಿಂಡೋಸ್ ಹೊಸದಾಗಿ ಹಾಕಿದಾಗ ಈ ದಾಖಲೆ ಅಳಿಸಿಹೋಗುವುದರಿಂದಲೇ ಡ್ರೈವ್‌ನಲ್ಲಿ ಗೇಮ್ ಇದ್ದರೂ ಲಾಂಚರ್‌ಗೆ ಕಾಣುವುದಿಲ್ಲ. ಸ್ಟೀಮ್ ಈ ದಾಖಲೆಯನ್ನು ಗೇಮ್ ಇರುವ ಡ್ರೈವ್‌ನ ಸ್ಟೀಮ್‌ಆ್ಯಪ್ಸ್ ಫೋಲ್ಡರಿನಲ್ಲೇ ಇಡುತ್ತದೆ. ಹಾಗಾಗಿ ಅಲ್ಲಿ ಹಳೆಯ ಲೈಬ್ರರಿ ಫೋಲ್ಡರನ್ನು ಮತ್ತೆ ಸೇರಿಸಿದರೆ ಸಾಕು, ಗೇಮ್‌ಗಳು ತಾವಾಗಿಯೇ ಕಾಣಿಸಿಕೊಳ್ಳುತ್ತವೆ. ಇಷ್ಟು ಚಿಕ್ಕ ವಿನ್ಯಾಸದ ನಿರ್ಧಾರ ಬಳಕೆದಾರನ ಇಡೀ ದಿನ ಉಳಿಸಬಲ್ಲದು.

ಮನೆಯಲ್ಲಿ ಎರಡು ಪಿಸಿ ಇವೆ. ಎರಡರಲ್ಲೂ ಪ್ರತ್ಯೇಕವಾಗಿ ಡೌನ್‌ಲೋಡ್ ಮಾಡಲೇಬೇಕೇ?

ಸ್ಟೀಮ್‌ನಲ್ಲಿ ಬೇಡ. 2023ರಿಂದ ಮನೆಯ ನೆಟ್‌ವರ್ಕ್ ಮೂಲಕವೇ ಒಂದು ಪಿಸಿಯಿಂದ ಇನ್ನೊಂದಕ್ಕೆ ಗೇಮ್ ಫೈಲ್ ಕಳಿಸಬಹುದು. ಸೆಟ್ಟಿಂಗ್ಸ್‌ನ ಡೌನ್‌ಲೋಡ್ಸ್ ಪುಟದಲ್ಲಿ ಲೋಕಲ್ ನೆಟ್‌ವರ್ಕ್ ಮೂಲಕ ಫೈಲ್ ವರ್ಗಾವಣೆಯ ಆಯ್ಕೆಯನ್ನು ಎರಡೂ ಕಡೆ ಆನ್ ಮಾಡಿ. ಎರಡೂ ಪಿಸಿಗಳಲ್ಲಿ ಸ್ಟೀಮ್‌ಗೆ ಲಾಗಿನ್ ಆಗಿರಬೇಕು, ಕಳಿಸುವ ಪಿಸಿಯಲ್ಲಿ ಗೇಮ್ ಪೂರ್ತಿ ಅಪ್‌ಡೇಟ್ ಆಗಿರಬೇಕು. ವೈಫೈಗಿಂತ ಕೇಬಲ್ ಮೇಲು. ಬೇರೆ ಲಾಂಚರ್‌ಗಳಲ್ಲಿ ಮೇಲೆ ಹೇಳಿದ ಐದು ಹೆಜ್ಜೆಗಳನ್ನೇ ಹೊರಗಿನ ಎಸ್‌ಎಸ್‌ಡಿ ಇಟ್ಟುಕೊಂಡು ಮಾಡಿ.

ಗೇಮ್ ಅಪ್‌ಡೇಟ್ ಆಗುವುದೇ ಬೇಡ ಎನ್ನುವ ಆಯ್ಕೆ ಯಾಕಿಲ್ಲ?

ನ್ಯಾಯವಾದ ಸಿಟ್ಟು ಇದು, ಅದರಲ್ಲೂ ಮಾಡ್ (ಗೇಮನ್ನು ಮಾರ್ಪಡಿಸಲು ಆಟಗಾರರೇ ಬರೆದ ಸೇರ್ಪಡೆ) ಬಳಸುವವರಿಗೆ. 2021ರ ನವೆಂಬರ್‌ನಲ್ಲಿ ಸ್ಕೈರಿಮ್ ಸ್ಪೆಷಲ್ ಎಡಿಷನ್‌ಗೆ ಬಂದ ಅಪ್‌ಡೇಟ್ ಗೇಮಿನ ಮುಖ್ಯ ಫೈಲನ್ನೇ ಬದಲಿಸಿತು. ಆ ಫೈಲಿನ ನಿರ್ದಿಷ್ಟ ಆವೃತ್ತಿಗೆ ಅಂಟಿಕೊಂಡಿದ್ದ ಮಾಡ್‌ಗಳೆಲ್ಲ ಒಂದೇ ಸಲ ನಿಂತವು. ಆನ್‌ಲೈನ್ ಗೇಮ್‌ಗಳಲ್ಲಿ ಎಲ್ಲರೂ ಒಂದೇ ಆವೃತ್ತಿಯಲ್ಲಿರಬೇಕು ಎಂಬುದು ಒಪ್ಪತಕ್ಕದ್ದೇ. ಒಬ್ಬರೇ ಆಡುವ ಗೇಮಿಗೂ ಅದೇ ನಿಯಮ ಹೇರುವುದಕ್ಕೆ ಸಮರ್ಥನೆ ಇಲ್ಲ.

ಸ್ಟೀಮ್‌ನಲ್ಲಿ ಸಿಗುವುದು ಅರ್ಧ ಪರಿಹಾರ. ಪ್ರಾಪರ್ಟೀಸ್‌ನ ಅಪ್‌ಡೇಟ್ಸ್ ಪುಟದಲ್ಲಿ, ಗೇಮ್ ತೆರೆಯುವ ತನಕ ಕಾಯಬೇಕು ಎಂಬ ಆಯ್ಕೆ ಹಾಕಿಕೊಳ್ಳಿ. ಆಮೇಲೆ ಸ್ಟೀಮ್ ಮೂಲಕ ತೆರೆಯದೆ, ಮಾಡ್ ಮ್ಯಾನೇಜರ್ ಅಥವಾ ಗೇಮ್ ಫೋಲ್ಡರಿನಲ್ಲಿರುವ ಫೈಲಿನಿಂದಲೇ ತೆರೆಯಿರಿ. ಲಾಂಚರ್ ಮೂಲಕವೇ ತೆರೆಯಬೇಕೆಂದು ಹಟ ಹಿಡಿಯುವ ಗೇಮ್‌ಗಳಲ್ಲಿ ಇದು ನಡೆಯುವುದಿಲ್ಲ. ಅದಕ್ಕಿಂತ ಭದ್ರವಾದ ದಾರಿ, ಎಲ್ಲ ಸರಿಯಾಗಿ ನಡೆಯುತ್ತಿರುವಾಗಲೇ ಇಡೀ ಗೇಮ್ ಫೋಲ್ಡರನ್ನು ಬೇರೆಡೆ ಕಾಪಿ ಮಾಡಿಡುವುದು.

ಅಪ್‌ಡೇಟ್ ಆಗಿಹೋಗಿದ್ದರೆ ಪ್ರಾಪರ್ಟೀಸ್‌ನ ಬೀಟಾ ಪುಟ ನೋಡಿ. ಕೆಲವು ತಯಾರಕರು ಹಳೆಯ ಆವೃತ್ತಿಗಳನ್ನು ಅಲ್ಲಿ ಇಟ್ಟಿರುತ್ತಾರೆ. ಅಲ್ಲೂ ಇಲ್ಲದಿದ್ದರೆ ಆದೇಶ ಟೈಪ್ ಮಾಡುವ ಸ್ಟೀಮ್ ಕನ್ಸೋಲ್‌ನಲ್ಲಿ ಡಿಪೋ (ಗೇಮಿನ ಫೈಲ್‌ಗಳ ಕಟ್ಟು) ಡೌನ್‌ಲೋಡ್ ಆದೇಶ ಇದೆ. ಗೇಮ್, ಡಿಪೋ, ಮ್ಯಾನಿಫೆಸ್ಟ್ (ಯಾವ ಆವೃತ್ತಿ ಎಂಬ ಗುರುತು) ಎಂಬ ಮೂರು ಸಂಖ್ಯೆಗಳನ್ನು ಕೊಟ್ಟರೆ ಹಳೆಯ ಫೈಲ್‌ಗಳು ಸ್ಟೀಮ್‌ಆ್ಯಪ್ಸ್‌ನ ಕಂಟೆಂಟ್ ಫೋಲ್ಡರಿಗೆ ಇಳಿಯುತ್ತವೆ. ಸಂಖ್ಯೆಗಳು ಸ್ಟೀಮ್‌ಡಿಬಿ ತಾಣದಲ್ಲಿ ಸಿಗುತ್ತವೆ. ಇಳಿಯುವಾಗ ಪ್ರಗತಿ ತೋರಿಸುವ ಪಟ್ಟಿ ಕಾಣದು, ಕೆಟ್ಟುಹೋಗಿದೆ ಎಂದು ನಿಲ್ಲಿಸಬೇಡಿ.

ಈ ವಿಷಯದಲ್ಲಿ ಸರಿಯಾಗಿ ನಡೆದುಕೊಂಡದ್ದು ಗಾಗ್ ಅಂಗಡಿಯ ಲಾಂಚರ್ ಗಾಗ್ ಗ್ಯಾಲಕ್ಸಿ. ಅಲ್ಲಿ ಗೇಮ್‌ಗೊಂದರಂತೆ ಅಪ್‌ಡೇಟ್ ನಿಲ್ಲಿಸಬಹುದು, ಎಷ್ಟೋ ಗೇಮ್‌ಗಳಲ್ಲಿ ಹಿಂದಿನ ಆವೃತ್ತಿಗೂ ಮರಳಬಹುದು.

ಅಪ್‌ಡೇಟ್ 500 ಎಂಬಿ ಎನ್ನುತ್ತದೆ, ಆದರೂ ಅರ್ಧ ಗಂಟೆ ತೆಗೆದುಕೊಳ್ಳುತ್ತದೆ. ಡಿಸ್ಕ್‌ನಲ್ಲಿ ಜಾಗ ಸಾಲದು ಎಂದೂ ಹೇಳುತ್ತದೆ. ಯಾಕೆ?

ಇಳಿಯುವುದು ಬದಲಾದ ತುಣುಕು ಮಾತ್ರ. ಸ್ಟೀಮ್ ಪ್ರತಿ ಫೈಲನ್ನು ಸುಮಾರು 1 ಎಂಬಿಯ ತುಣುಕುಗಳಾಗಿ ನೋಡುತ್ತದೆ. ಆ ತುಣುಕು 30 ಜಿಬಿಯ ಒಂದು ದೊಡ್ಡ ಫೈಲಿನ ನಡುವೆ ಸೇರಬೇಕಾದರೆ, ಹಳೆಯದನ್ನು ಓದಿ ಇಡೀ ಫೈಲನ್ನು ಹೊಸದಾಗಿ ಬರೆಯಬೇಕಾಗುತ್ತದೆ. ಅಷ್ಟೇ ಗಾತ್ರದ ಖಾಲಿ ಜಾಗವೂ ತಾತ್ಕಾಲಿಕವಾಗಿ ಬೇಕು. ಇಲ್ಲಿ ತಪ್ಪು ಎಲ್ಲವನ್ನೂ ಒಂದೇ ಫೈಲಿನಲ್ಲಿ ತುರುಕಿದ ಗೇಮ್ ತಯಾರಕರದ್ದು, ಲಾಂಚರ್‌ನದ್ದಲ್ಲ. ಡೌನ್‌ಲೋಡ್ ಪುಟದ ಗ್ರಾಫ್‌ನಲ್ಲಿ ನೆಟ್‌ವರ್ಕ್ ಸೊನ್ನೆಗೆ ಇಳಿದು ಡಿಸ್ಕ್ ಮೇಲಿದ್ದರೆ ಇದೇ ಕಾರಣ. ತಿರುಗುವ ಹಾರ್ಡ್ ಡಿಸ್ಕ್‌ನಿಂದ ಎಸ್‌ಎಸ್‌ಡಿಗೆ ಬದಲಾದರೆ ಸಮಯ ಬಹಳ ಇಳಿಯುತ್ತದೆ. ಅತಿ ದೊಡ್ಡ ಗೇಮಿನಷ್ಟು ಖಾಲಿ ಜಾಗವನ್ನು ಆ ಡ್ರೈವ್‌ನಲ್ಲಿ ಸದಾ ಉಳಿಸಿಕೊಳ್ಳಿ.

100 ಎಂಬಿಪಿಎಸ್ ಸಂಪರ್ಕವಿದೆ. ಲಾಂಚರ್ 12 ಎಂಬಿ ಎಂದು ತೋರಿಸುತ್ತದೆ.

ಅದು ಪೂರ್ತಿ ವೇಗವೇ. ಇಂಟರ್ನೆಟ್ ಕಂಪನಿ ಹೇಳುವುದು ಬಿಟ್‌ಗಳಲ್ಲಿ, ಲಾಂಚರ್ ತೋರಿಸುವುದು ಬೈಟ್‌ಗಳಲ್ಲಿ. 8ರಿಂದ ಭಾಗಿಸಿದರೆ 12.5 ಬರುತ್ತದೆ. ಅದಕ್ಕಿಂತಲೂ ಬಹಳ ಕಡಿಮೆ ಬಂದರೆ ಡೌನ್‌ಲೋಡ್ ರೀಜನ್ ಬದಲಿಸಿ ನೋಡಿ, ವೇಗ ಮಿತಿಯ ಆಯ್ಕೆ ಯಾವಾಗಲೋ ಆನ್ ಆಗಿ ಉಳಿದಿದೆಯೇ ಎಂದೂ ನೋಡಿ. ಸ್ಟೀಮ್‌ನಲ್ಲಿ ಅಪ್‌ಡೇಟ್‌ಗೆ ವೇಳೆ ಗೊತ್ತುಮಾಡಬಹುದು, ರಾತ್ರಿ 1ರಿಂದ ಬೆಳಗ್ಗೆ 6 ಎಂಬಂತೆ. ಗೇಮ್ ನಡೆಯುವಾಗ ಡೌನ್‌ಲೋಡ್ ನಿಲ್ಲುವುದು ಉದ್ದೇಶಪೂರ್ವಕ. ಬೇಡವಾದರೆ ಡೌನ್‌ಲೋಡ್ಸ್ ಪುಟದಲ್ಲೇ ಬದಲಿಸಬಹುದು.

ಕ್ಲೌಡ್ ಸೇವ್ ಇದೆ ಎಂದು ನಂಬಿದ್ದೆ, ಆಟವೆಲ್ಲ ಹೋಯಿತು. ಇದು ಹೇಗೆ ಆಗುತ್ತದೆ?

ಮೊದಲನೆಯದಾಗಿ, ಲಾಂಚರ್‌ನಲ್ಲಿ ಕ್ಲೌಡ್ ಸೇವ್ (ಸೇವ್ ಫೈಲ್‌ಗಳನ್ನು ಅಂಗಡಿಯ ಸರ್ವರ್‌ನಲ್ಲೂ ಇಡುವ ಸೌಲಭ್ಯ) ಇದೆ ಎಂದ ಮಾತ್ರಕ್ಕೆ ಪ್ರತಿ ಗೇಮಿಗೂ ಇದೆ ಎಂದಲ್ಲ. ಯಾವ ಫೋಲ್ಡರ್ ಕಾಪಾಡಬೇಕು ಎಂದು ಗೇಮ್ ತಯಾರಕರೇ ಹೇಳಿರಬೇಕು. ಕೆಲವರು ಹೇಳಿಯೇ ಇರುವುದಿಲ್ಲ. ಇನ್ನು ಕೆಲವರು ಸೆಟ್ಟಿಂಗ್ಸ್ ಫೈಲನ್ನು ಸೇರಿಸಿ ಸೇವ್ ಫೈಲನ್ನೇ ಬಿಟ್ಟಿರುತ್ತಾರೆ. ಸ್ಟೋರ್ ಪುಟದಲ್ಲಿ ಕ್ಲೌಡ್ ಗುರುತಿದೆಯೇ ಎಂದು ಕೊಳ್ಳುವ ಮೊದಲೇ ನೋಡಿ.

ಎರಡನೆಯದಾಗಿ, ಫೈಲ್‌ಗಳು ಮೇಲಕ್ಕೆ ಹೋಗುವುದು ಸಾಮಾನ್ಯವಾಗಿ ಗೇಮ್ ಮುಚ್ಚಿದ ಮೇಲೆ. ಮುಚ್ಚಿದ ತಕ್ಷಣ ಪಿಸಿ ಆಫ್ ಮಾಡಿದರೆ, ಅಥವಾ ನೆಟ್ ಇಲ್ಲದಾಗ ಆಡಿದರೆ, ಹೊಸ ಸೇವ್ ಆ ಪಿಸಿಯಲ್ಲೇ ಉಳಿಯುತ್ತದೆ. ಇನ್ನೊಂದು ಪಿಸಿಯಲ್ಲಿ ಹಳೆಯದರಿಂದ ಆಡಿ ಮರಳಿದಾಗ ಎರಡಕ್ಕೂ ಜಗಳ. ಲಾಂಚರ್ ಒಂದು ಪೆಟ್ಟಿಗೆ ತೋರಿಸಿ ಯಾವುದು ಬೇಕು ಎಂದು ಕೇಳುತ್ತದೆ. ಎಷ್ಟೋ ಗಂಟೆಗಳ ಆಟ ಹಾಳಾಗುವುದು ಇಲ್ಲಿ ಅವಸರದಲ್ಲಿ ಒತ್ತಿದ ಒಂದು ಗುಂಡಿಯಿಂದ. ಆ ಪೆಟ್ಟಿಗೆಯನ್ನು ಹಾಗೇ ಬಿಟ್ಟು, ಪಿಸಿಯಲ್ಲಿರುವ ಸೇವ್ ಫೋಲ್ಡರನ್ನು ಮೊದಲು ಡೆಸ್ಕ್‌ಟಾಪ್‌ಗೆ ಕಾಪಿ ಮಾಡಿ. ಆಮೇಲೆ ದಿನಾಂಕ, ಸಮಯ ನೋಡಿ ಆರಿಸಿ. ತಪ್ಪಾದರೂ ಕಾಪಿ ಕೈಯಲ್ಲಿರುತ್ತದೆ. ಗೇಮ್ ತೆರೆದ ಕ್ಷಣವೇ ಅದು ಖಾಲಿ ಸೇವ್ ಬರೆಯುತ್ತಿದ್ದರೆ ದಿನಾಂಕ ಹೊಸದಾಗಿದ್ದರೂ ಒಳಗೆ ಏನೂ ಇರುವುದಿಲ್ಲ. ಆದ್ದರಿಂದ ಗಾತ್ರವನ್ನೂ ಹೋಲಿಸಿ.

ಸೇವ್‌ಗಳು ಹೆಚ್ಚಾಗಿ ಡಾಕ್ಯುಮೆಂಟ್ಸ್‌ನ ಮೈ ಗೇಮ್ಸ್, ಸೇವ್ಡ್ ಗೇಮ್ಸ್, ಇಲ್ಲವೇ ಆ್ಯಪ್‌ಡೇಟಾದ ಲೋಕಲ್, ಲೋಕಲ್‌ಲೋ, ರೋಮಿಂಗ್ ಫೋಲ್ಡರ್‌ಗಳಲ್ಲಿರುತ್ತವೆ. ಯೂನಿಟಿ ಎಂಬ ಗೇಮ್ ತಯಾರಿಸುವ ತಂತ್ರಾಂಶದಲ್ಲಿ ಮಾಡಿದ ಗೇಮ್‌ಗಳಿಗೆ ಲೋಕಲ್‌ಲೋ ಮೊದಲು ನೋಡಿ. ಆ್ಯಪ್‌ಡೇಟಾ ಅಡಗಿರುತ್ತದೆ, ಫೈಲ್ ಎಕ್ಸ್‌ಪ್ಲೋರರ್‌ನ ವ್ಯೂ ಮೆನುವಿನಲ್ಲಿ ಹಿಡನ್ ಐಟಮ್ಸ್ ಆನ್ ಮಾಡಿ. ಸ್ಟೀಮ್‌ನ ಯೂಸರ್‌ಡೇಟಾ ಫೋಲ್ಡರಿನಲ್ಲೂ ಕೆಲವು ಇರುತ್ತವೆ. ಪ್ರತಿ ಗೇಮಿನ ಜಾಗವನ್ನು ಪಿಸಿಗೇಮಿಂಗ್‌ವಿಕಿ ತಾಣ ಬರೆದಿಟ್ಟಿದೆ. ಲುಡುಸಾವಿ ಎಂಬ ಮುಕ್ತ ತಂತ್ರಾಂಶ ಇವನ್ನೆಲ್ಲ ತಾನೇ ಹುಡುಕಿ ಒಂದೆಡೆ ಬ್ಯಾಕಪ್ ಮಾಡುತ್ತದೆ. ಯಾವ ಲಾಂಚರ್ ಬಳಸುವವರೇ ಆಗಲಿ, ಈ ಪುಟದಿಂದ ಒಂದೇ ಕೆಲಸ ಮಾಡುವುದಾದರೆ ಇದನ್ನು ಮಾಡಿ.

ಒಂದು ಅಂಗಡಿಯ ಸೇವ್ ಇನ್ನೊಂದರಲ್ಲಿ ನಡೆಯುತ್ತದೆಯೇ?

ಕೆಲವೊಮ್ಮೆ. ಎರಡೂ ಕಡೆ ಗೇಮ್ ಒಂದೇ ಫೋಲ್ಡರ್ ಬಳಸಿದರೆ ಏನೂ ಮಾಡಬೇಕಿಲ್ಲ. ಫೋಲ್ಡರಿಗೆ ಖಾತೆಯ ಸಂಖ್ಯೆಯನ್ನೇ ಹೆಸರಾಗಿ ಇಟ್ಟಿದ್ದರೆ ಹೊಸ ಅಂಗಡಿಯಲ್ಲಿ ಒಮ್ಮೆ ಹೊಸ ಆಟ ಶುರುಮಾಡಿ, ಅದು ಹುಟ್ಟಿಸಿದ ಫೋಲ್ಡರಿಗೆ ಹಳೆಯ ಫೈಲ್‌ಗಳನ್ನು ಹಾಕಿ. ಖಾತೆ ಸಂಖ್ಯೆ ಫೈಲಿನ ಒಳಗೇ ಇದ್ದರೆ ಗೇಮ್ ಅದನ್ನು ತಿರಸ್ಕರಿಸುತ್ತದೆ. ಎಕ್ಸ್‌ಬಾಕ್ಸ್ ಆ್ಯಪ್‌ನ ಸೇವ್‌ಗಳು ಬೇರೆಯೇ ರೂಪದಲ್ಲಿ, ಅರ್ಥವಾಗದ ಹೆಸರುಗಳೊಂದಿಗೆ ಇರುತ್ತವೆ. ನೇರ ಕಾಪಿ ಅಲ್ಲಿ ಫಲ ಕೊಡುವುದಿಲ್ಲ.

ನೆಟ್ ಹೋದಾಗ ಒಬ್ಬರೇ ಆಡುವ ಗೇಮೂ ತೆರೆಯುವುದಿಲ್ಲ. ಏನು ಮಾಡಬೇಕು?

ತಯಾರಿ ನೆಟ್ ಇರುವಾಗಲೇ ಆಗಬೇಕು. ಪಾಸ್‌ವರ್ಡ್ ನೆನಪಿಡುವ ಆಯ್ಕೆ ಆನ್ ಇರಲಿ, ಗೇಮಿನ ಅಪ್‌ಡೇಟ್ ಬಾಕಿ ಉಳಿಯದಿರಲಿ, ಗೇಮನ್ನು ಒಮ್ಮೆ ತೆರೆದು ಮುಖ್ಯ ಮೆನುವಿನ ತನಕ ಹೋಗಿ. ಆಮೇಲೆ ಸ್ಟೀಮ್ ಮೆನುವಿನಲ್ಲಿ ಗೋ ಆಫ್‌ಲೈನ್ ಒತ್ತಿ, ನೆಟ್ ತೆಗೆದು ಒಮ್ಮೆ ಪರೀಕ್ಷಿಸಿ. ಎಪಿಕ್‌ನಲ್ಲಿ ಆಫ್‌ಲೈನ್ ಆಯ್ಕೆ ಸೆಟ್ಟಿಂಗ್ಸ್‌ನಲ್ಲಿದೆ. ನಕಲು ತಡೆಯುವ ಡೆನುವೊ ರಕ್ಷಣೆ ಇರುವ ಗೇಮ್‌ಗಳು ಹೊಸ ಪಿಸಿಯಲ್ಲಿ ಮೊದಲ ಸಲ ತೆರೆಯುವಾಗ ನೆಟ್ ಬೇಡುತ್ತವೆ. ಲಿನಕ್ಸ್‌ನಲ್ಲಿ ವಿಂಡೋಸ್ ಗೇಮ್ ನಡೆಸುವ ಪ್ರೋಟಾನ್‌ನ ಆವೃತ್ತಿ ಬದಲಿಸಿದರೂ ಅದನ್ನು ಹೊಸ ಪಿಸಿ ಎಂದೇ ಎಣಿಸಬಹುದು. ಪ್ರಯಾಣದ ಹಿಂದಿನ ರಾತ್ರಿ ಯಾವುದನ್ನೂ ಬದಲಿಸಬೇಡಿ.

ಸ್ಟೀಮ್‌ನಲ್ಲಿ ಕೊಂಡ ಗೇಮ್ ಇನ್ನೊಂದು ಲಾಂಚರ್ ತೆರೆಯುತ್ತದೆ. ತಪ್ಪಿಸಬಹುದೇ?

ಇಎ, ಯೂಬಿಸಾಫ್ಟ್, ರಾಕ್‌ಸ್ಟಾರ್ ಗೇಮ್‌ಗಳಲ್ಲಿ ಸಾಮಾನ್ಯವಾಗಿ ಸಾಧ್ಯವಿಲ್ಲ, ಗೇಮಿನ ಲೈಸೆನ್ಸ್ ಪರೀಕ್ಷೆಯೇ ಅಲ್ಲಿ ನಡೆಯುತ್ತದೆ. ಬರೀ ಸೆಟ್ಟಿಂಗ್ಸ್ ಮತ್ತು ಜಾಹೀರಾತು ತೋರಿಸುವ ಲಾಂಚರ್ ಆಗಿದ್ದರೆ, ಲಾಂಚ್ ಆಪ್ಷನ್ಸ್‌ನಲ್ಲಿ ಒಂದು ಆದೇಶ ಬರೆದು ದಾಟಬಹುದು. ಅದು ಗೇಮಿನಿಂದ ಗೇಮಿಗೆ ಬೇರೆ. ಸ್ಟೀಮ್ ಸ್ಟೋರ್ ಪುಟದ ಬಲಬದಿಯಲ್ಲಿ ಬೇರೆ ಖಾತೆ ಬೇಕು ಎಂಬ ಸೂಚನೆ ಇರುತ್ತದೆ, ಕೊಳ್ಳುವ ಮೊದಲು ಓದಿ. ಹಣ ವಾಪಸ್ ಬೇಕಿದ್ದರೆ ತಡಮಾಡಬೇಡಿ. ಸ್ಟೀಮ್ ಮತ್ತು ಎಪಿಕ್ ಎರಡರಲ್ಲೂ ಸಾಮಾನ್ಯ ನಿಯಮ ಕೊಂಡ 14 ದಿನದೊಳಗೆ, ಆಟ 2 ಗಂಟೆಗಿಂತ ಕಡಿಮೆ. ಒಳಗಿನ ಲಾಂಚರ್ ಸುಮ್ಮನೆ ತೆರೆದಿದ್ದ ಹೊತ್ತೂ ಆ 2 ಗಂಟೆಯಲ್ಲಿ ಸೇರಿಬಿಡಬಹುದು.

ಎಲ್ಲ ಗೇಮ್‌ಗಳನ್ನು ಒಂದೇ ಪಟ್ಟಿಯಲ್ಲಿ ನೋಡುವ ದಾರಿ?

ವಿಂಡೋಸ್‌ನಲ್ಲಿ ಪ್ಲೇನೈಟ್. ಮುಕ್ತ ತಂತ್ರಾಂಶ, ಉಚಿತ. ಪ್ರತಿ ಅಂಗಡಿಗೆ ಒಂದು ಪ್ಲಗಿನ್ ಹಾಕಿ ಲಾಗಿನ್ ಆದರೆ ಪಟ್ಟಿ ಬರುತ್ತದೆ. ಆದರೆ ಇದು ಪಟ್ಟಿ ಮಾತ್ರ, ಗೇಮ್ ನಡೆಸಲು ಮೂಲ ಲಾಂಚರ್ ಬಹುಪಾಲು ಇರಲೇಬೇಕು. ಹೀರೋಯಿಕ್ ಲಾಂಚರ್ ಹಾಗಲ್ಲ. ಎಪಿಕ್, ಗಾಗ್, ಅಮೆಜಾನ್ ಗೇಮ್‌ಗಳನ್ನು ಅದೇ ನೇರವಾಗಿ ಇಳಿಸಿ ನಡೆಸುತ್ತದೆ, ಲಿನಕ್ಸ್ ಮತ್ತು ಮ್ಯಾಕ್‌ನಲ್ಲೂ. ಗಾಗ್ ಗ್ಯಾಲಕ್ಸಿಗೂ ಬೇರೆ ಅಂಗಡಿಗಳನ್ನು ಜೋಡಿಸಬಹುದು, ಆದರೆ ಸಮುದಾಯದವರು ಬರೆದ ಆ ಜೋಡಣೆಗಳು ಆಗಾಗ ಮುರಿಯುತ್ತವೆ.

ಎಪಿಕ್ ಗೇಮಿನಲ್ಲಿ ಕಂಟ್ರೋಲರ್ ಗುಂಡಿಗಳನ್ನು ಬದಲಿಸಲಾಗುತ್ತಿಲ್ಲ.

ಕಂಟ್ರೋಲರ್ ಗುಂಡಿ ಬದಲಿಸುವ ಸ್ಟೀಮ್‌ನ ಸೌಲಭ್ಯ ಸ್ಟೀಮ್ ಇನ್‌ಪುಟ್ ಎರವಲು ಪಡೆಯಿರಿ. ಸ್ಟೀಮ್‌ನ ಗೇಮ್ಸ್ ಮೆನುವಿನಲ್ಲಿ ನಾನ್‌-ಸ್ಟೀಮ್ ಗೇಮ್ ಸೇರಿಸುವ ಆಯ್ಕೆ ಇದೆ, ಅಲ್ಲಿ ಗೇಮಿನ ಮುಖ್ಯ ಫೈಲನ್ನೇ ಕೊಡಿ. ಲಾಂಚರ್ ಇಲ್ಲದೆ ಗೇಮ್ ತೆರೆಯದಿದ್ದರೆ ಎಪಿಕ್ ಲಾಂಚರನ್ನೇ ಸೇರಿಸಿ. ಈಗಾಗಲೇ ತೆರೆದಿರುವ ಎಪಿಕ್ ಅನ್ನು ಪೂರ್ತಿ ಮುಚ್ಚಿ, ಸ್ಟೀಮ್‌ನಿಂದ ತೆರೆಯಿರಿ. ಮೊದಲೇ ತೆರೆದಿದ್ದರೆ ಸ್ಟೀಮ್‌ಗೆ ಅದರ ಮೇಲೆ ಹಿಡಿತ ಸಿಗದು, ಗೇಮಿನ ಮೇಲೆ ಕಾಣುವ ಸ್ಟೀಮ್‌ನ ಪರದೆ (ಓವರ್‌ಲೇ) ಬರುವುದಿಲ್ಲ. ಒಂದು ಸಲ ಒತ್ತಿದರೆ ಎರಡು ಸಲ ಒತ್ತಿದಂತಾದರೆ ಗೇಮ್ ಮತ್ತು ಸ್ಟೀಮ್ ಎರಡೂ ಕಂಟ್ರೋಲರನ್ನು ಓದುತ್ತಿವೆ. ಪ್ರಾಪರ್ಟೀಸ್‌ನ ಕಂಟ್ರೋಲರ್ ಪುಟದಲ್ಲಿ ಸ್ಟೀಮ್ ಇನ್‌ಪುಟ್ ನಿಲ್ಲಿಸಿ, ಆದರೆ ಆಗ ಗುಂಡಿಗಳ ಬದಲಾವಣೆಯೂ ಹೋಗುತ್ತದೆ.

ಬರೀ ಗೇಮ್ ತೆರೆಯಲು ಇಷ್ಟು ರ್‍ಯಾಮ್ ಯಾಕೆ?

ಲಾಂಚರ್‌ನೊಳಗೆ ಪೂರ್ಣ ಪ್ರಮಾಣದ ವೆಬ್ ಬ್ರೌಸರ್ ಇರುವುದರಿಂದ. ಟಾಸ್ಕ್ ಮ್ಯಾನೇಜರ್‌ನಲ್ಲಿ ಹಲವು ಸ್ಟೀಮ್ ವೆಬ್‌ಹೆಲ್ಪರ್‌ಗಳು ಕಾಣುವುದು ಅದಕ್ಕೇ. ಲೈಬ್ರರಿ ಸೆಟ್ಟಿಂಗ್ಸ್‌ನಲ್ಲಿ ಲೋ ಪರ್ಫಾರ್ಮೆನ್ಸ್ ಮೋಡ್ ಮತ್ತು ಲೋ ಬ್ಯಾಂಡ್‌ವಿಡ್ತ್ ಮೋಡ್ ಆನ್ ಮಾಡಿ, ವ್ಯೂ ಮೆನುವಿನಿಂದ ಸ್ಮಾಲ್ ಮೋಡ್ ಬಳಸಿ. ಪಿಸಿ ಶುರುವಾದಾಗ ಎಲ್ಲ ಲಾಂಚರ್‌ಗಳೂ ತೆರೆಯುವುದನ್ನು ಟಾಸ್ಕ್ ಮ್ಯಾನೇಜರ್‌ನ ಸ್ಟಾರ್ಟಪ್ ಪುಟದಲ್ಲಿ ನಿಲ್ಲಿಸಿ. ಇದರಿಂದಲೇ ಹೆಚ್ಚು ಉಳಿತಾಯ.

ಒಂದೇ ಲೈಬ್ರರಿಯನ್ನು ಮನೆಯವರೆಲ್ಲ ಬಳಸಬಹುದೇ?

ಸ್ಟೀಮ್ ಫ್ಯಾಮಿಲೀಸ್ 2024ರ ಸೆಪ್ಟೆಂಬರ್‌ನಲ್ಲಿ ಎಲ್ಲರಿಗೂ ಬಂತು. ಒಟ್ಟು 6 ಜನ. ಹಳೆಯ ವ್ಯವಸ್ಥೆಯಲ್ಲಿ ಒಬ್ಬರು ಆಡಿದರೆ ಇಡೀ ಲೈಬ್ರರಿಗೆ ಬೀಗ ಬೀಳುತ್ತಿತ್ತು. ಈಗ ಬೇರೆ ಬೇರೆ ಗೇಮ್‌ಗಳನ್ನು ಒಟ್ಟಿಗೆ ಆಡಬಹುದು, ಒಂದೇ ಪ್ರತಿಯನ್ನು ಇಬ್ಬರು ಆಡಲಾಗದು. ಹೊರಗಿನ ಸ್ನೇಹಿತರನ್ನು ಸೇರಿಸುವ ಮೊದಲು ಯೋಚಿಸಿ: ಗುಂಪು ಬಿಟ್ಟವರು ಇನ್ನೊಂದಕ್ಕೆ ಸೇರಲು, ಹಳೆಯ ಗುಂಪಿಗೆ ಸೇರಿದ ದಿನದಿಂದ 1 ವರ್ಷ ಆಗುವ ತನಕ ಕಾಯಬೇಕು, ಆ ಜಾಗವೂ ಅಲ್ಲಿಯ ತನಕ ಖಾಲಿ ಇರುತ್ತದೆ. ನಿಮ್ಮ ಪ್ರತಿಯಲ್ಲಿ ಯಾರಾದರೂ ಮೋಸದಾಟ ಆಡಿ ಸಿಕ್ಕಿಬಿದ್ದರೆ ಆ ಗೇಮಿನಲ್ಲಿ ನಿಮಗೂ ನಿಷೇಧ.

ಲಾಂಚರ್ ಮುಚ್ಚಿಹೋದರೆ ಗೇಮ್‌ಗಳ ಗತಿ?

ಬೆಥೆಸ್ಡಾ ಲಾಂಚರ್ 2022ರ ಮೇ ತಿಂಗಳಲ್ಲಿ ಮುಚ್ಚಿದಾಗ ಗೇಮ್‌ಗಳನ್ನು ಸ್ಟೀಮ್‌ಗೆ ಸಾಗಿಸಲು ಅವಕಾಶವಿತ್ತು, ಆದರೆ ಕೆಲವು ಗೇಮ್‌ಗಳ ಸೇವ್‌ಗಳನ್ನು ಕೈಯಾರೆ ಕಾಪಿ ಮಾಡಬೇಕಾಯಿತು. ಒರಿಜಿನ್ ಜಾಗಕ್ಕೆ ಇಎ ಆ್ಯಪ್ ಬಂದಿತು. ನಿಜವಾದ ರಕ್ಷಣೆ ಇರುವುದು ಗಾಗ್‌ನ ಆಫ್‌ಲೈನ್ ಇನ್‌ಸ್ಟಾಲರ್‌ನಲ್ಲಿ. ಅದನ್ನು ಇಳಿಸಿ ಹಾರ್ಡ್ ಡಿಸ್ಕ್‌ನಲ್ಲಿಟ್ಟರೆ ಲಾಂಚರ್, ಖಾತೆ, ನೆಟ್ ಯಾವುದೂ ಬೇಡ. ದೊಡ್ಡ ಗೇಮ್ ಹಲವು ಭಾಗಗಳಾಗಿ ಬರುತ್ತದೆ, ಎಲ್ಲವೂ ಒಂದೇ ಫೋಲ್ಡರಿನಲ್ಲಿರಬೇಕು. ಒಂದು ಭಾಗ ಕಾಣೆಯಾದರೂ ಇನ್‌ಸ್ಟಾಲ್ ನಡುವೆ ನಿಲ್ಲುತ್ತದೆ.

ಬೇಕಾದ ಸೌಲಭ್ಯ ಕೇಳುವುದು ಹೇಗೆ?

ಒಂದು ಬೇಡಿಕೆಗೆ ಒಂದು ಪತ್ರ. "ಲಾಂಚರ್ ಕೆಟ್ಟದಾಗಿದೆ" ಎಂದರೆ ಅದನ್ನು ಓದಿದವರಿಗೆ ಮಾಡಲು ಏನೂ ಇರುವುದಿಲ್ಲ. "ವಿಂಡೋಸ್ ಹೊಸದಾಗಿ ಹಾಕಿದ ಮೇಲೆ ಇರುವ ಗೇಮ್ ಫೋಲ್ಡರನ್ನು ಗುರುತಿಸುವ ಗುಂಡಿ ಬೇಕು, ಈಗ 80 ಜಿಬಿ ಮತ್ತೆ ಇಳಿಸಬೇಕಾಗಿದೆ" ಎಂದು ಬರೆದರೆ ಕೆಲಸ ಏನೆಂಬುದು ಸ್ಪಷ್ಟ. ಲಾಂಚರ್ ಆವೃತ್ತಿ, ವಿಂಡೋಸ್ ಆವೃತ್ತಿ, ಮಾಡಿದ ಹೆಜ್ಜೆಗಳು, ದೋಷವಾಗಿದ್ದರೆ ಲಾಗ್ ಫೈಲ್ ಸೇರಿಸಿ. ಕ್ಲೌಡ್ ಸೇವ್, ಅಚೀವ್‌ಮೆಂಟ್, ಹಳೆಯ ಆವೃತ್ತಿಗಳ ಬೇಡಿಕೆಯನ್ನು ಗೇಮ್ ತಯಾರಕರಿಗೇ ಕಳಿಸಿ.

ಬೇಸತ್ತು ಲಾಂಚರನ್ನೇ ತೆಗೆದುಹಾಕಿದರೆ ಗೇಮ್‌ಗಳು ಉಳಿಯುತ್ತವೆಯೇ?

ಕೊಂಡ ಹಕ್ಕು ಖಾತೆಯಲ್ಲಿ ಉಳಿಯುತ್ತದೆ, ಫೈಲ್‌ಗಳ ಮಾತು ಬೇರೆ. ಸ್ಟೀಮ್ ಅನ್‌ಇನ್‌ಸ್ಟಾಲ್ ಮಾಡಿದರೆ ಅದರ ಮುಖ್ಯ ಫೋಲ್ಡರಿನೊಳಗಿರುವ ಗೇಮ್‌ಗಳೂ ಅಳಿಯುತ್ತವೆ. ಮೊದಲು ಸ್ಟೀಮ್ ಮುಚ್ಚಿ, ಸ್ಟೀಮ್‌ಆ್ಯಪ್ಸ್ ಮತ್ತು ಯೂಸರ್‌ಡೇಟಾ ಫೋಲ್ಡರ್‌ಗಳನ್ನು ಬೇರೆ ಜಾಗಕ್ಕೆ ಸಾಗಿಸಿ, ಆಮೇಲೆ ಅನ್‌ಇನ್‌ಸ್ಟಾಲ್ ಮಾಡಿ. ಮತ್ತೆ ಹಾಕಿಕೊಂಡಾಗ ಎರಡನ್ನೂ ಅದೇ ಜಾಗಕ್ಕೆ ತಂದಿಟ್ಟು ಸ್ಟೀಮ್ ತೆರೆಯಿರಿ, ಪ್ರತಿ ಗೇಮಿಗೂ ಒಮ್ಮೆ ವೆರಿಫೈ ಒತ್ತಿ.